ಬಯಾಪ್ಸಿ ವರದಿ ಬರುವ ತನಕ

ಬಾಯಿಹುಣ್ಣು ಎಂದರೆ ಬಹುತೇಕರ ಪಾಲಿಗೆ ದೇಹಕ್ಕೆ ಉಷ್ಣವಾದುದರ ಲಕ್ಷಣ. ಮಜ್ಜಿಗೆ ಕುಡಿದು, ತುಪ್ಪ ಸವರಿ, ಅಂಗಡಿಯಿಂದ ತಂದ ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದರೆ ವಾರದೊಳಗೆ ಅದು ಮಾಯುತ್ತದೆ ಎಂಬುದು ಮನೆಮನೆಯ ಅನುಭವ, ಮತ್ತು ಸಾಮಾನ್ಯ ಹುಣ್ಣುಗಳ ಮಟ್ಟಿಗೆ ಆ ಅನುಭವ ಸುಳ್ಳೇನೂ ಅಲ್ಲ. ಆದರೆ ಎರಡು ಮೂರು ವಾರ ಕಳೆದರೂ ಮಾಯದ, ಅಂಚು ಗಟ್ಟಿಯಾದ, ಎಷ್ಟೋ ಸಲ ನೋವನ್ನೇ ಕೊಡದ ಹುಣ್ಣನ್ನಾಗಲಿ, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆಯನ್ನಾಗಲಿ ಕಂಡಾಗ ವೈದ್ಯರು ಕಣ್ಣಂದಾಜನ್ನು ನೆಚ್ಚಿ ಕೂರುವುದಿಲ್ಲ. ಆ ಜಾಗವನ್ನು ಚುಚ್ಚುಮದ್ದಿನಿಂದ ಮರಗಟ್ಟಿಸಿ, ಕೆಲವೇ ಮಿಲಿಮೀಟರ್ ಅಗಲದ ತುಣುಕೊಂದನ್ನು ತೆಗೆದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸುತ್ತಾರೆ. ಈ ಕ್ರಮಕ್ಕೆ ಬಯಾಪ್ಸಿ ಎಂದು ಹೆಸರು. ತುಣುಕು ತೆಗೆಯುವ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ವರದಿ ಕೈಸೇರುವ ತನಕದ ದಿನಗಳನ್ನು ಕಳೆಯುವುದು ಅದಕ್ಕಿಂತ ಬಹಳ ಕಷ್ಟ.

ಆ ದಿನಗಳಲ್ಲಿ ಕಾಡುವ ಕ್ಯಾನ್ಸರಿನ ಭಯವನ್ನು ಕರ್ನಾಟಕದಲ್ಲಿ ನಿರಾಧಾರವೆಂದು ತಳ್ಳಿಹಾಕುವಂತಿಲ್ಲ. ಊಟದ ನಂತರದ ಎಲೆಯಡಿಕೆ, ಅದರೊಡನೆ ಹೊಗೆಸೊಪ್ಪು ಅಥವಾ ಕಡ್ಡಿಪುಡಿ, ಈಚಿನ ದಶಕಗಳಲ್ಲಿ ಕೆನ್ನೆಯ ಸಂದಿಯಲ್ಲಿ ಗಂಟೆಗಟ್ಟಲೆ ಒತ್ತರಿಸಿಟ್ಟುಕೊಳ್ಳುವ ಗುಟ್ಕಾ, ಇವೆಲ್ಲ ಬಾಯಿಯ ಒಳಪದರವನ್ನು ವರ್ಷಾನುಗಟ್ಟಲೆ ಕೆರಳಿಸುತ್ತ ಬರುತ್ತವೆ. ಹೊಗೆಸೊಪ್ಪು ಸೇರದ ಬರಿಯ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ತೋಟವನ್ನೇ ನಂಬಿದ ಮಲೆನಾಡಿಗೆ ಇದು ಇಂದಿಗೂ ಹಿತವಾದ ಮಾತಲ್ಲ. ಹಾಗೆಂದು ಪರೀಕ್ಷೆಗೆ ಹೋದ ಹುಣ್ಣೆಲ್ಲ ಕ್ಯಾನ್ಸರ್ ಆಗಿರುವುದಿಲ್ಲ. ಮುರಿದ ಹಲ್ಲಿನ ಚೂಪು ಅಥವಾ ಸರಿಯಾಗಿ ಕೂರದ ಹಲ್ಲುಸೆಟ್ಟು ಒಂದೇ ಕಡೆ ಉಜ್ಜುತ್ತಿದ್ದರೆ ಹುಣ್ಣು ತಿಂಗಳುಗಟ್ಟಲೆ ಮಾಯದೆ ಉಳಿಯಬಹುದು; ದೇಹದ ರೋಗನಿರೋಧಕ ವ್ಯವಸ್ಥೆ ಬಾಯಿಯ ಪದರದ ಮೇಲೆಯೇ ತಿರುಗಿಬೀಳುವ ಲೈಕೆನ್ ಪ್ಲಾನಸ್ ಎಂಬ ಕಾಯಿಲೆ, ಶಿಲೀಂಧ್ರದ ಸೋಂಕು, ಅಪರೂಪಕ್ಕೆ ಕ್ಷಯ, ಇವೂ ಹೊರನೋಟಕ್ಕೆ ಅದೇ ಬಗೆಯ ಹುಣ್ಣಾಗಿ ತೋರುತ್ತವೆ.

ವರದಿಗೆ ಏಕೆ ಇಷ್ಟು ದಿನ ಬೇಕು ಎಂಬ ಪ್ರಶ್ನೆಗೆ ಉತ್ತರ ಪ್ರಯೋಗಾಲಯದ ಕೆಲಸದಲ್ಲಿದೆ. ರಕ್ತದ ಸಕ್ಕರೆಯ ಪರೀಕ್ಷೆಯಂತೆ ಯಂತ್ರವೊಂದು ಅಂಕಿ ಉಗುಳುವ ಕೆಲಸ ಇದಲ್ಲ. ತುಣುಕನ್ನು ಮೊದಲು ಫಾರ್ಮಲಿನ್ ಎಂಬ ದ್ರಾವಣದಲ್ಲಿ ಮುಳುಗಿಸಿಡಲಾಗುತ್ತದೆ. ಅದು ಕೊಳೆಯದಂತೆ, ಜೀವಕೋಶಗಳು ಇದ್ದ ರೂಪದಲ್ಲಿಯೇ ನೆಲೆನಿಲ್ಲುವಂತೆ ದ್ರಾವಣವು ಒಳಕ್ಕಿಳಿಯಲು ಹಲವು ಗಂಟೆಗಳೇ ಹಿಡಿಯುತ್ತವೆ, ಅವಸರ ಮಾಡಿದರೆ ಮುಂದಿನ ಹಂತಗಳೆಲ್ಲ ಕೆಡುತ್ತವೆ. ಬಳಿಕ ಸಾಂದ್ರತೆ ಏರುತ್ತ ಹೋಗುವ ಆಲ್ಕೊಹಾಲಿನಲ್ಲಿ ಅದ್ದಿ ನೀರಿನಂಶ ತೆಗೆದು, ಕರಗಿಸಿದ ಪ್ಯಾರಾಫಿನ್ ಮೇಣ ತುಂಬಿಸಿ, ಆ ಮೇಣದ ಗಟ್ಟಿಯನ್ನು ಮೈಕ್ರೋಟೋಮ್ ಎಂಬ ಸಾಧನದಲ್ಲಿ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾದ ಪದರಗಳಾಗಿ ಕೊಯ್ಯುತ್ತಾರೆ. ಆ ಪದರವನ್ನು ಗಾಜಿನ ಮೇಲೆ ಹರಡಿ ಎರಡು ಬಣ್ಣ ಹಾಕಿದಾಗ ಕೋಶಕೇಂದ್ರಗಳು ನೇರಳೆನೀಲಿಯಾಗಿಯೂ ಉಳಿದ ಭಾಗ ಗುಲಾಬಿಯಾಗಿಯೂ ಕಾಣುತ್ತವೆ. ಇಷ್ಟಾದ ಮೇಲೆ ಪೆಥಾಲಜಿಸ್ಟ್, ಅಂದರೆ ಅಂಗಾಂಶ ನೋಡಿ ರೋಗ ಗುರುತಿಸುವ ತಜ್ಞರು, ಮುಖ್ಯವಾಗಿ ಹುಡುಕುವುದು ಒಂದು ಗಡಿಯನ್ನು: ಒಳಪದರದ ಕೋಶಗಳನ್ನು ಕೆಳಗಿನ ಅಂಗಾಂಶದಿಂದ ಬೇರ್ಪಡಿಸುವ ತಳಪೊರೆ ಅಖಂಡವಾಗಿದೆಯೇ, ಅಥವಾ ವಿಕಾರಗೊಂಡ ಕೋಶಗಳು ಅದನ್ನು ಭೇದಿಸಿ ಕೆಳಗಿಳಿದಿವೆಯೇ?

ಆದುದರಿಂದ ವಾರವೆಂದದ್ದು ಹತ್ತು ದಿನವಾದರೆ ಅದನ್ನು ಅಪಶಕುನವೆಂದು ಓದುವುದಕ್ಕೆ ಆಧಾರವಿಲ್ಲ. ಶಿಲೀಂಧ್ರ ಹುಡುಕಲು ಬೇರೆ ಬಣ್ಣ ಹಾಕಬೇಕಾಗಿರಬಹುದು, ಮೇಣದ ಗಟ್ಟಿಯನ್ನು ಇನ್ನಷ್ಟು ಆಳಕ್ಕೆ ಕೊಯ್ದು ನೋಡಬೇಕಾಗಿರಬಹುದು, ಸಂದೇಹ ನಿವಾರಣೆಗೆ ಎರಡನೆಯ ತಜ್ಞರಿಗೆ ತೋರಿಸಿರಬಹುದು, ಅಥವಾ ನಡುವೆ ಭಾನುವಾರದೊಡನೆ ಹಬ್ಬದ ರಜೆಯೂ ಬಂದಿರಬಹುದು. ‘ನೆಗೆಟಿವ್ ಆಗಿದ್ದರೆ ಇಷ್ಟು ಹೊತ್ತಿಗೆ ಹೇಳುತ್ತಿದ್ದರು’ ಎಂಬ ತರ್ಕ ಎಲ್ಲ ಆಸ್ಪತ್ರೆಗಳ ಕಾರಿಡಾರುಗಳಲ್ಲಿಯೂ ಕೇಳಿಬರುತ್ತದೆಯಾದರೂ ಅದು ತರ್ಕವಲ್ಲ, ಆತಂಕ ಹಾಕಿಕೊಂಡ ವೇಷ.

ಆ ಆತಂಕವಾದರೂ ದುರ್ಬಲ ಮನಸ್ಸಿನವರ ಸೊತ್ತಲ್ಲ. ಅಮೆರಿಕದಲ್ಲಿ ಸ್ತನದ ಬಯಾಪ್ಸಿ ಮಾಡಿಸಿಕೊಂಡ 126 ಮಹಿಳೆಯರ ಜೊಲ್ಲಿನಲ್ಲಿ, ಒತ್ತಡದ ಸಮಯದಲ್ಲಿ ದೇಹ ಸ್ರವಿಸುವ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಐದು ದಿನಗಳಾದರೂ ಫಲಿತಾಂಶ ತಿಳಿಯದೆ ಉಳಿದವರ ಕಾರ್ಟಿಸೋಲಿನ ಏರಿಳಿತವು, ಕ್ಯಾನ್ಸರ್ ಇದೆಯೆಂದು ಆಗಲೇ ತಿಳಿದವರಲ್ಲಿ ಕಂಡ ಏರಿಳಿತದಂತೆಯೇ ಇದ್ದಿತು. ತಿಳಿಯದಿರುವುದನ್ನು ದೇಹವು ಕೆಟ್ಟ ಸುದ್ದಿಗೆ ಸಮಾನವಾಗಿಯೇ ಹೊರುತ್ತದೆ ಎಂಬುದು ಇದರಿಂದ ತೋರುತ್ತದೆ. ಹಾಗಿರುವಾಗ ನಿದ್ದೆಗೆಡುವವರಿಗೆ, ನಾಲಿಗೆಯಿಂದ ಹೊಲಿಗೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವವರಿಗೆ, ಕನ್ನಡಿಯ ಮುಂದೆ ಮೊಬೈಲ್ ಟಾರ್ಚ್ ಹಿಡಿದು ನಿಲ್ಲುವವರಿಗೆ ‘ಧೈರ್ಯವಾಗಿರಿ’ ಎನ್ನುವುದು ಎಲ್ಲಕ್ಕಿಂತ ಅಗ್ಗವಾದ ಸಲಹೆ.

ಹೆಚ್ಚು ಉಪಯೋಗಕ್ಕೆ ಬರುವುದು ಖಚಿತವಾದ ಮಾಹಿತಿ. ವರದಿ ಯಾವ ದಿನದ ಸುಮಾರಿಗೆ ಬರುತ್ತದೆ, ಯಾರ ಕೈಗೆ ಬರುತ್ತದೆ, ಬರದಿದ್ದರೆ ಯಾರನ್ನು ಕೇಳಬೇಕು ಎಂಬ ಮೂರು ಸಂಗತಿಗಳನ್ನು ಬಯಾಪ್ಸಿಯ ದಿನವೇ ಬರೆದುಕೊಂಡು ಬಂದವರ ಕಾಯುವಿಕೆಗೆ ಒಂದು ಅಂಚಾದರೂ ಇರುತ್ತದೆ. ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ಮತ್ತು ಸಹೋದ್ಯೋಗಿಗಳು ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದವರನ್ನು ಗಮನಿಸಿದಾಗ, ಚಿಂತೆಯನ್ನು ಅದುಮಿಡುವ ಉಪಾಯಗಳು ಸಂಕಟವನ್ನು ಅಷ್ಟಾಗಿ ತಗ್ಗಿಸಲಿಲ್ಲವೆಂಬುದು ಕಂಡುಬಂದಿತು. ಅವರ ಮುಂದಿನ ಅಧ್ಯಯನಗಳಲ್ಲಿ, ಸಮಯದ ಪರಿವೆಯೇ ಇಲ್ಲದಂತೆ ತೊಡಗಿಸಿಕೊಳ್ಳುವ ಕೆಲಸ ಸಿಕ್ಕವರು ಕಾಯುವ ದಿನಗಳನ್ನು ತುಸು ಹಗುರವಾಗಿ ಕಳೆದರು. ಟಿವಿಯ ಮುಂದೆ ಕೂರುವುದು ಇಂಥ ಕೆಲಸವಲ್ಲ. ತುಸು ಕಷ್ಟವೂ ಕೈಗೆ ಹಿಡಿತವೂ ಇರುವ ಹೊಲಿಗೆ, ಕಸೂತಿ, ವೀಣೆ, ಗಿಡಗಳಿಗೆ ಕಸಿ ಕಟ್ಟುವುದು, ಕೆಟ್ಟ ಪಂಪ್‌ಸೆಟ್ ಬಿಚ್ಚಿ ರಿಪೇರಿ ಮಾಡುವುದು ಆಗಬಹುದು. ನಿದ್ದೆ ಪೂರ್ತಿ ದೂರವಾದರೆ, 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಗಾಯದ ಆರೈಕೆ ಸರಳವಾದದ್ದು: ಮೊದಲ ದಿನ ಬಿಸಿ ಪದಾರ್ಥ ಮತ್ತು ಜೋರಾಗಿ ಬಾಯಿ ಮುಕ್ಕಳಿಸುವುದನ್ನು ಬಿಟ್ಟು, ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮೆಲ್ಲನೆ ಮುಕ್ಕಳಿಸುವುದು, ಖಾರ ಬಿಟ್ಟು ಗಂಜಿ, ಮೊಸರನ್ನ, ತಣಿದ ರಾಗಿ ಅಂಬಲಿ ಸೇವಿಸುವುದು, ರಕ್ತ ಜಿನುಗಿದರೆ ಶುದ್ಧ ಹತ್ತಿಬಟ್ಟೆಯನ್ನು ಒತ್ತಿ ಹಿಡಿಯುವುದು, ನಿಲ್ಲದಿದ್ದರೆ ವೈದ್ಯರಿಗೆ ತಿಳಿಸುವುದು. ಅಡಿಕೆ, ಹೊಗೆಸೊಪ್ಪುಗಳನ್ನು ಅಂದೇ ನಿಲ್ಲಿಸಬೇಕು. ‘ವರದಿ ಬರಲಿ, ಆಮೇಲೆ ನೋಡೋಣ’ ಎನ್ನುವವರು ಗಾಯ ಮಾಯುವುದನ್ನೂ ತಡೆಯುತ್ತಾರೆ. ಕತ್ತರಿ ತಾಗಿದರೆ ರೋಗ ಹರಡುತ್ತದೆಂಬ ಮಾತು ಈ ದಿನಗಳಲ್ಲಿ ನೆಂಟರ ಬಾಯಿಂದ ತಪ್ಪದೆ ಬರುತ್ತದೆ. ಅದನ್ನು ನಂಬಿ ಬಯಾಪ್ಸಿಯನ್ನೇ ಮುಂದೂಡಿದವರಿಗೆ ಆಗುವ ಹಾನಿ ದೊಡ್ಡದು, ಏಕೆಂದರೆ ಹುಣ್ಣು ಕಂಡ ಮೇಲೆ ವೈದ್ಯರ ಬಳಿ ಹೋಗದೆ ಕಳೆದ ತಿಂಗಳುಗಳ ಮುಂದೆ ವರದಿಗಾಗಿ ಕಾಯುವ ಹತ್ತು ದಿನ ಏನೂ ಅಲ್ಲ.

ಕುಟುಂಬದವರ ಪಾತ್ರ ಇಲ್ಲಿ ಜಟಿಲವಾದುದು. ಮಗನೋ ಅಳಿಯನೋ ಮುಂದಾಗಿ ಹೋಗಿ, ‘ಏನಿದ್ದರೂ ನನಗೆ ಹೇಳಿ ಡಾಕ್ಟ್ರೇ, ಅಪ್ಪನಿಗೆ ಬೇಡ’ ಎಂದು ಕೇಳಿಕೊಳ್ಳುವುದು ಪ್ರೀತಿಯಿಂದಲೇ ಆದರೂ, ಬಾಯಿ ಯಾರದೋ ಅವರಿಗೇ ವಿಷಯ ಮುಚ್ಚಿಟ್ಟರೆ ಪಿಸುಮಾತುಗಳಿಂದಲೇ ಅವರು ಎಲ್ಲವನ್ನೂ, ಇರುವುದಕ್ಕಿಂತ ಹೆಚ್ಚಾಗಿಯೇ, ಊಹಿಸಿಕೊಳ್ಳುತ್ತಾರೆ. ಎಷ್ಟು ತಿಳಿಯಬೇಕು, ಯಾರ ಜೊತೆಯಲ್ಲಿ ಕೇಳಬೇಕು ಎಂಬುದನ್ನು ವರದಿ ಬರುವ ಮೊದಲೇ ಅವರಿಂದಲೇ ಕೇಳಿಕೊಳ್ಳುವುದು ಮೇಲು.

ಈಗ ವರದಿಯು ವೈದ್ಯರಿಗಿಂತ ಮೊದಲು ವಾಟ್ಸ್ಆ್ಯಪಿಗೆ ಬಂದು ಬೀಳುವುದುಂಟು. ಅದರಲ್ಲಿ ಡಿಸ್‌ಪ್ಲಾಸಿಯಾ ಎಂಬ ಪದವಿದ್ದರೆ ಕೋಶಗಳ ರೂಪ ಮತ್ತು ಜೋಡಣೆ ಕೆಟ್ಟಿದ್ದರೂ ಅವು ತಳಪೊರೆಯನ್ನು ದಾಟಿಲ್ಲವೆಂದು ಅರ್ಥ; ಅದು ಕ್ಯಾನ್ಸರ್ ಅಲ್ಲ, ಆದರೆ ತೀವ್ರತೆಗೆ ತಕ್ಕಂತೆ ನಿಗಾ ಅಥವಾ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎಂದಿದ್ದರೆ ಅದು ಬಾಯಿಯ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆ. ಅದು ಎಷ್ಟು ಹರಡಿದೆಯೆಂಬುದನ್ನು ಈ ಒಂದು ತುಣುಕು ಹೇಳಲಾರದು, ಸ್ಕ್ಯಾನ್ ಮತ್ತು ಕತ್ತಿನ ಗ್ರಂಥಿಗಳ ಪರೀಕ್ಷೆಯ ನಂತರವೇ ಹಂತ ತೀರ್ಮಾನವಾಗುತ್ತದೆ. ಕ್ಯಾನ್ಸರಿನ ಲಕ್ಷಣ ಕಂಡಿಲ್ಲವೆಂದು ಬರೆದಿದ್ದರೂ ಹುಣ್ಣು ಹಾಗೆಯೇ ಉಳಿದಿದ್ದರೆ ವಿಷಯ ಮುಗಿದಂತಲ್ಲ. ತುಣುಕು ತೆಗೆದ ಜಾಗದಲ್ಲಿ ರೋಗವಿಲ್ಲದೆ ಪಕ್ಕದಲ್ಲಿ ಇರುವ ಸಂಭವವೂ ಇರುವುದರಿಂದ, ವೈದ್ಯರು ಇನ್ನೊಂದು ಬಯಾಪ್ಸಿ ಕೇಳಿದರೆ ಒಪ್ಪಿಕೊಳ್ಳಬೇಕಾಗುತ್ತದೆ, ಕೇಳದಿದ್ದರೆ ರೋಗಿಯೇ ಆ ಪ್ರಶ್ನೆಯನ್ನು ಎತ್ತಬಹುದು.