ಸಂಕ್ರಾಂತಿ ತಟ್ಟೆಯಿಂದ ಬೇಕರಿ ಟ್ರೇಗೆ

ಸಂಜೆ ಕೆಲಸ ಬಿಡುವ ಹೊತ್ತಿಗೆ ಬೆಂಗಳೂರಿನ ಅಬ್ಬಿಗೆರೆಯ ಬೇಕರಿಗಳ ಮುಂದೆ ಜನ ಸೇರುತ್ತಾರೆ. ಸುತ್ತಲಿನ ಸಣ್ಣ ಕಾರ್ಖಾನೆಗಳಿಂದ ಬಂದವರ ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಖಾರ ಬಿಸ್ಕತ್ತು. ರಾತ್ರಿ ಊಟದವರೆಗೆ ಹೊಟ್ಟೆಗೆ ಅದೇ ಆಧಾರ. ಆದರೆ ಅದರಲ್ಲಿರುವುದು ಬಹುಪಾಲು ಮೈದಾ ಮತ್ತು ಕೊಬ್ಬು. ಹಸಿವು ತಡೆಯುವ ತಿಂಡಿ ಮೈಗೂ ಹತ್ತುವಂತಾಗಬೇಡವೇ?

ದಾರಿ ನಮ್ಮ ಸಂಕ್ರಾಂತಿ ತಟ್ಟೆಯಲ್ಲೇ ಇದೆ. ಬೇಯಿಸಿದ ಗೆಣಸು, ಅವರೆಕಾಯಿ, ಕಡಲೆಕಾಯಿ: ಒಂದು ಗೆಡ್ಡೆ, ಎರಡು ಕಾಳು. ಗೆಣಸಿನಲ್ಲಿ ಪಿಷ್ಟ, ನಾರು, ಸಿಹಿ ಉಂಟು, ಪ್ರೋಟೀನ್ ಕಡಿಮೆ. ಆ ಕೊರತೆಯನ್ನು ಕಾಳು ತುಂಬುತ್ತದೆ. 100 ಗ್ರಾಂ ಕಡಲೆಹಿಟ್ಟಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಸಿಗುತ್ತದೆ. ಗೋಧಿಯಲ್ಲಿ ಸಾಲದ ಲೈಸಿನ್ ಎಂಬ ಅಮೈನೋ ಆಮ್ಲ ಕೂಡ ಬೇಳೆಕಾಳುಗಳಲ್ಲಿ ಚೆನ್ನಾಗಿಯೇ ಇದೆ.

ಗೆಡ್ಡೆ, ಕಾಳುಗಳ ಹಿಟ್ಟು ಬೆರೆಸುವುದು ಕನ್ನಡ ನಾಡಿಗೆ ಹೊಸ ವಿಚಾರವೂ ಅಲ್ಲ. 1950ರಲ್ಲಿ ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆರಂಭವಾದಾಗ ದೇಶದಲ್ಲಿ ಅಕ್ಕಿ, ಗೋಧಿಗೆ ಪರದಾಟ. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಅಲ್ಲಿನ ವಿಜ್ಞಾನಿಗಳು 75 ಪಾಲು ಮರಗೆಣಸಿನ ಹಿಟ್ಟಿಗೆ ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟನ್ನು 25 ಪಾಲು ಬೆರೆಸಿದರು. ಅದಕ್ಕೆ 'ಮೈಸೂರು ಹಿಟ್ಟು' ಎಂದೇ ಹೆಸರಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇಂಥ ಮಿಶ್ರ ಹಿಟ್ಟುಗಳ ಕಾರ್ಯಕ್ರಮವನ್ನು ಶುರುಮಾಡಿದ್ದು ಅದಾದ ಮೇಲೆ, 1964ರಲ್ಲಿ.

ಬೇಕರಿಯಲ್ಲಿ ಮಿಶ್ರ ಹಿಟ್ಟಿಗೆ ಒಂದು ಎಲ್ಲೆ ಇದೆ. ಬ್ರೆಡ್ ಉಬ್ಬಬೇಕಾದರೆ ಗೋಧಿಯ ಗ್ಲುಟೆನ್ ಬೇಕು. ಗೆಡ್ಡೆಗೂ ಕಾಳಿಗೂ ಆ ಜಿಗುಟಿಲ್ಲ. ಆದರೆ ಬಿಸ್ಕತ್ತು ಉಬ್ಬಬೇಕಿಲ್ಲ, ಗರಿಗರಿಯಾದರೆ ಸಾಕು. ಹಾಗಾಗಿ ಮಿಶ್ರ ಹಿಟ್ಟಿಗೆ ಖಾರ ಬಿಸ್ಕತ್ತು, ಕುಕ್ಕೀಸ್‌ಗಳೇ ಸರಿಯಾದ ಜಾಗ. ಮೈದಾದಲ್ಲಿ ಐದನೇ ಒಂದು ಪಾಲು ತೆಗೆದು, ಅಷ್ಟೇ ತೂಕದ ಗೆಣಸು ಮತ್ತು ಕಾಳಿನ ಹಿಟ್ಟು ಹಾಕಿ ನೋಡಬಹುದು. ರುಚಿ, ಗರಿ ಒಪ್ಪಿದರೆ ಪಾಲು ಹೆಚ್ಚಿಸಬಹುದು.

ಹಿಟ್ಟು ತಯಾರಿಕೆಯಲ್ಲಿ ಎಚ್ಚರ ಬೇಕು. ಗೆಣಸನ್ನು ತೆಳುವಾಗಿ ಬಿಲ್ಲೆ ಮಾಡಿ, ಕುದಿನೀರಿನಲ್ಲಿ ಅದ್ದಿ ತೆಗೆದರೆ ಕಪ್ಪಾಗುವುದಿಲ್ಲ. ಆಮೇಲೆ ಒಣಗಿಸಿ ಬೀಸಬೇಕು. ಕಾಳಿನ ಹಸಿ ವಾಸನೆ ಹೋಗಲು ಹುರಿದೇ ಬೀಸಬೇಕು. ಹುರಿಗಡಲೆಯಾದರೆ ಆ ಕೆಲಸವೂ ಇಲ್ಲ. ಗೆಣಸಿನ ಸಕ್ಕರೆಯಂಶಕ್ಕೆ ಬಿಸ್ಕತ್ತು ಬೇಗ ಕೆಂಪಗಾಗುತ್ತದೆ, ಆದ್ದರಿಂದ ಓವನ್ ಕಾವು ಸ್ವಲ್ಪ ಕಡಿಮೆ ಇರಲಿ. ಮರಗೆಣಸಾದರೆ ಇನ್ನೂ ಜಾಗ್ರತೆ: ಹಸಿ ಗೆಡ್ಡೆಯಲ್ಲಿ ಸಯನೈಡ್ ಉಂಟುಮಾಡುವ ಅಂಶವಿದ್ದು, ಸರಿಯಾಗಿ ಸಂಸ್ಕರಿಸದೆ ಬಳಸಲೇಬಾರದು.

ಖರ್ಚಿನ ಮಾತೂ ಇದೆ. ಹಸಿ ಗೆಣಸಿನ ತೂಕದಲ್ಲಿ 100ಕ್ಕೆ ಸುಮಾರು 70 ಪಾಲು ನೀರೇ. ಒಂದು ಕಿಲೋ ಹಿಟ್ಟಿಗೆ ಮೂರು ಕಿಲೋಗಿಂತ ಹೆಚ್ಚು ಗೆಡ್ಡೆ ಬೇಕಾಗುತ್ತದೆ. ಬೇಕರಿಯವರು ಒಬ್ಬೊಬ್ಬರಾಗಿ ಇದನ್ನು ನಿಭಾಯಿಸುವುದು ಕಷ್ಟ. ಸುಗ್ಗಿಯಲ್ಲಿ ಬೆಳಗಾವಿ ಕಡೆಯ ಗೆಣಸನ್ನು ಬೆಳೆದ ಊರಿನಲ್ಲೇ ಒಣಗಿಸಿ, ಹಿಟ್ಟು ಮಾಡಿ ಕಳಿಸುವ ರೈತ ಸಂಘಗಳು, ಮಹಿಳಾ ಸಂಘಗಳು ಬೇಕು. ತಿರುವನಂತಪುರದ ಕೇಂದ್ರೀಯ ಗೆಡ್ಡೆಗೆಣಸು ಸಂಶೋಧನಾ ಸಂಸ್ಥೆಯ ಕಿತ್ತಳೆ ಬಣ್ಣದ 'ಭೂ ಸೋನಾ' ತಳಿಯನ್ನು ಬೆಳೆದರೆ ಬೀಟಾ ಕ್ಯಾರೋಟಿನ್ ಕೂಡ ದಕ್ಕುತ್ತದೆ.

ಕಲಿಯಲು ಅಬ್ಬಿಗೆರೆಯವರು ದೂರ ಹೋಗಬೇಕಿಲ್ಲ. ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರ ಹೆಬ್ಬಾಳದಲ್ಲೇ ಇದೆ. ಬೇಕರಿ ಮಾಲೀಕರೇ, ವಾರಕ್ಕೆ ಒಂದೇ ಒಂದು ಟ್ರೇ ಗೆಣಸು-ಕಡಲೆ ಖಾರ ಬಿಸ್ಕತ್ತು ಮಾಡಿ ನೋಡಿ. ಓದುಗರೇ, ಟೀ ಕುಡಿಯಲು ಹೋದಾಗ ಅದನ್ನು ಕೇಳಿ ಕೊಳ್ಳಿ. ಕೇಳುವವರಿದ್ದರೆ ಮಾಡುವವರು ಹುಟ್ಟಿಕೊಳ್ಳುತ್ತಾರೆ.