ಔಷಧ ಅಗ್ಗ, ಎಚ್ಚರಿಕೆ ದುಬಾರಿ

ಖಿನ್ನತೆಯೇ ಮೊದಲಾದ ಮಾನಸಿಕ ವ್ಯಾಧಿಗಳಿಗೆ ‘ಸೈಕೆಡೆಲಿಕ್’ ವರ್ಗದ ದ್ರವ್ಯಗಳಿಂದ ಚಿಕಿತ್ಸೆ ನೀಡುವ ವಿಚಾರ ಈಗ ವೈದ್ಯಕೀಯ ನಿಯತಕಾಲಿಕಗಳನ್ನು ದಾಟಿ ಷೇರುಪೇಟೆಯ ಪುಟಗಳನ್ನೂ ಪ್ರವೇಶಿಸಿದೆ. ಅಮೆರಿಕದ ಪೇಟೆಯಲ್ಲಿ ನೋಂದಾಯಿತವಾದ ಇಂತಹ ಕಂಪನಿಗಳಲ್ಲಿ ಹಣ ತೊಡಗಿಸಬಹುದೇ ಎಂದು ವರ್ತಕ ಮಿತ್ರರು ಕೇಳುವುದುಂಟು. ಮನೆಯಲ್ಲಿಯೇ ರೋಗಿಗಳಿರುವ ಕೆಲವರ ಪ್ರಶ್ನೆ ಬೇರೆ: ಇದು ನಮ್ಮವರಿಗೆ ದೊರೆಯಬಹುದೇ? ವೈದ್ಯಕೀಯ ತೀರ್ಪು ವೈದ್ಯರಿಗೆ ಸೇರಿದ್ದು. ಆದರೆ ಈ ಚಿಕಿತ್ಸೆಯ ಜಮಾ-ಖರ್ಚನ್ನು ಓದಿದರೆ ಎರಡೂ ಪ್ರಶ್ನೆಗಳಿಗೆ ಬಹುಮಟ್ಟಿನ ಉತ್ತರ ದೊರಕುತ್ತದೆ.

ಇದರ ಆರಂಭವೂ ಒಂದು ಉದ್ಯಮದಲ್ಲಿಯೇ ಆಯಿತು. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿಯನ್ನು ತಯಾರಿಸಿ, 1943ರಲ್ಲಿ ಅದರ ಪರಿಣಾಮವನ್ನು ಕಂಡುಕೊಂಡರು. ಅಣಬೆಗಳಲ್ಲಿರುವ ಸೈಲೋಸಿಬಿನ್ ಎಂಬ ದ್ರವ್ಯವನ್ನು ಪ್ರತ್ಯೇಕಿಸಿದವರೂ ಅವರೇ. 1971ರ ವಿಶ್ವಸಂಸ್ಥೆಯ ಒಡಂಬಡಿಕೆಯ ನಂತರ ಇವೆಲ್ಲ ಕಠಿಣ ನಿರ್ಬಂಧಕ್ಕೆ ಒಳಪಟ್ಟವು; ಸಂಶೋಧನೆ ದಶಕಗಳ ಕಾಲ ಬಹುತೇಕ ಸ್ಥಗಿತಗೊಂಡಿತು.

2022ರಲ್ಲಿ ಕಂಪಾಸ್ ಪಾಥ್‌ವೇಸ್ ಕಂಪನಿಯು ಇತರ ಔಷಧಗಳಿಗೆ ಬಗ್ಗದ ಖಿನ್ನತೆಯಿದ್ದ 233 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. 25 ಮಿಲಿಗ್ರಾಂ ಸೈಲೋಸಿಬಿನ್ ಒಂದೇ ಬಾರಿ ಪಡೆದವರ ಖಿನ್ನತೆಯ ಅಂಕ ಮೂರು ವಾರಗಳಲ್ಲಿ ಸರಾಸರಿ 12ರಷ್ಟು ಇಳಿಯಿತು. 1 ಮಿಲಿಗ್ರಾಂ ಪಡೆದವರಲ್ಲಿ 5.4. ಆದರೆ ಹನ್ನೆರಡು ವಾರಗಳವರೆಗೂ ಆ ಸುಧಾರಣೆಯನ್ನು ಉಳಿಸಿಕೊಂಡವರು ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಸುಮಾರು ಐದರಲ್ಲೊಂದು ಪಾಲು ಮಾತ್ರ. 2025ರಲ್ಲಿ ಬಂದ ಮುಂದಿನ ಹಂತದ ಫಲಿತಾಂಶದಲ್ಲಿ ಔಷಧ ಮತ್ತು ಹುಸಿ ಮಾತ್ರೆಯ ನಡುವಿನ ಅಂತರ 3.6 ಅಂಕ. ಲಾಭವಿದೆ, ಆದರೆ ಪ್ರಚಾರ ಹೇಳುವಷ್ಟಿಲ್ಲ.

ಈಗ ವೆಚ್ಚದ ಬದಿಗೆ ಬರೋಣ. ಸೈಲೋಸಿಬಿನ್‌ನ ಪ್ರಭಾವ ಆರು ಗಂಟೆಗಳಷ್ಟು ಇರುತ್ತದೆ. ಅದಕ್ಕೆ ಮೊದಲು ರೋಗಿಯನ್ನು ಸಿದ್ಧಗೊಳಿಸುವ ಮಾತುಕತೆ, ನಡುವೆ ಕ್ಷಣಕಾಲವೂ ಬಿಡದ ಮೇಲ್ವಿಚಾರಣೆ, ಅನಂತರ ಮತ್ತೆ ಸಮಾಲೋಚನೆ. ಚಿತ್ತವಿಕಲತೆಯ ಚರಿತ್ರೆ ಸ್ವತಃ ಅಥವಾ ನಿಕಟ ರಕ್ತಸಂಬಂಧಿಗಳಲ್ಲಿ ಇದ್ದವರನ್ನು ಪ್ರಯೋಗಗಳಿಂದ ಹೊರಗಿಡುತ್ತಾರೆ; ಆ ತಪಾಸಣೆಗೂ ವೇಳೆ ಬೇಕು. ದ್ರವ್ಯ ಮಿಲಿಗ್ರಾಂಗಳಲ್ಲಿ, ತರಬೇತಿ ಪಡೆದವರ ದುಡಿಮೆ ದಿನಗಳಲ್ಲಿ. ಇದು ಕಾರ್ಖಾನೆಯಲ್ಲಿ ಪ್ರಮಾಣ ಹೆಚ್ಚಿಸಿ ಬೆಲೆ ಇಳಿಸಬಹುದಾದ ಸರಕಲ್ಲ.

ಆರೆಗಾನ್ ರಾಜ್ಯದ ಲೆಕ್ಕ

ಅಮೆರಿಕದ ಆರೆಗಾನ್ ರಾಜ್ಯವು 2020ರ ಜನಮತದ ಮೂಲಕ ಸೈಲೋಸಿಬಿನ್ ಸೇವಾಕೇಂದ್ರಗಳಿಗೆ ಅನುಮತಿ ನೀಡಿತು; 2023ರಲ್ಲಿ ಅವು ಬಾಗಿಲು ತೆರೆದವು. ಆರಂಭದಲ್ಲಿ ನಿಗದಿಯಾದ ವಾರ್ಷಿಕ ಪರವಾನಗಿ ಶುಲ್ಕ ಕೇಂದ್ರಕ್ಕೆ 10,000 ಡಾಲರ್, ಮಾರ್ಗದರ್ಶಕರಿಗೆ 2,000 ಡಾಲರ್. ಗ್ರಾಹಕರಿಗೆ ತಗಲುವ ವೆಚ್ಚ ಸಾಮಾನ್ಯವಾಗಿ ಸಾವಿರ ಡಾಲರಿಗೂ ಮೇಲೆ, ವಿಮೆಯ ನೆರವಿಲ್ಲ.

ಇಲ್ಲಿ ನಮ್ಮ ವೃತ್ತಿಯವರಿಗೆ ಸ್ವಾರಸ್ಯವೆನಿಸುವ ಅಂಶವೊಂದಿದೆ. ರಾಜ್ಯದ ಕಾನೂನು ಒಪ್ಪಿದರೂ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಸೈಲೋಸಿಬಿನ್ ನಿಷಿದ್ಧ. ಅಲ್ಲಿಯ ಆದಾಯ ತೆರಿಗೆ ಸಂಹಿತೆಯ 280ಇ ಕಲಂ ಪ್ರಕಾರ ಇಂತಹ ನಿಷಿದ್ಧ ದ್ರವ್ಯದ ವ್ಯವಹಾರಸ್ಥರಿಗೆ ಸರಕಿನ ಅಸಲು ಬಿಟ್ಟು ಬೇರಾವ ಖರ್ಚಿನ ಕಡಿತವೂ ಇಲ್ಲ. ಒಂದು ಕಲ್ಪಿತ ಉದಾಹರಣೆ: ಆದಾಯ 100, ಸರಕಿನ ಅಸಲು 5, ಸಂಬಳ ಮತ್ತು ಬಾಡಿಗೆ 85, ನಿಜವಾದ ಲಾಭ 10. ತೆರಿಗೆ ಮಾತ್ರ 95ರ ಮೇಲೆ. ಕಂಪನಿ ತೆರಿಗೆಯ ದರ ಶೇಕಡಾ 21 ಎಂದರೆ ಸುಮಾರು 20 ತೆರಬೇಕು. ಹತ್ತರ ಲಾಭ ಹತ್ತರ ನಷ್ಟವಾಯಿತು. ಎಚ್ಚರಿಕೆಗಾಗಿ ನೇಮಿಸಿದ ಸಿಬ್ಬಂದಿಯ ಸಂಬಳವೇ ಕಡಿತಕ್ಕೆ ಸಿಗದ ಖರ್ಚು. ಕೆಲವು ಕೇಂದ್ರಗಳು ಮುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಈ ಕಾವಲಿನ ಖರ್ಚನ್ನು ಇಳಿಸಬಾರದೇ? ಎಂಡಿಎಂಎ ಎಂಬ ದ್ರವ್ಯದ ಪ್ರಕರಣ ನೋಡಬೇಕು. ಆಘಾತೋತ್ತರ ವ್ಯಾಧಿಗೆ ಅದನ್ನು ಬಳಸಲು ಲೈಕೋಸ್ ಕಂಪನಿ ಸಲ್ಲಿಸಿದ ಅರ್ಜಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಆಗಸ್ಟ್ 2024ರಲ್ಲಿ ತಿರಸ್ಕರಿಸಿ, ಮತ್ತೊಂದು ಪ್ರಯೋಗ ನಡೆಸಲು ಸೂಚಿಸಿತು. ತಮಗೆ ದೊರೆತದ್ದು ಔಷಧವೋ ಹುಸಿಯೋ ಎಂಬುದು ರೋಗಿಗಳಿಗೆ ಬಹುತೇಕ ತಿಳಿದುಬಿಡುತ್ತಿದ್ದುದು ಫಲಿತಾಂಶದ ವಿಶ್ವಾಸಾರ್ಹತೆಯನ್ನೇ ಕುಗ್ಗಿಸಿತ್ತು. ಇದಕ್ಕೂ ಮೊದಲಿನ ಹಂತದ ಪ್ರಯೋಗವೊಂದರಲ್ಲಿ ಚಿಕಿತ್ಸಕರು ರೋಗಿಯೊಡನೆ ಅನುಚಿತವಾಗಿ ವರ್ತಿಸಿದ್ದರು. ಅದೇ ತಿಂಗಳು ‘ಸೈಕೋಫಾರ್ಮಕಾಲಜಿ’ ನಿಯತಕಾಲಿಕವು ಮೂರು ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಕಂಪನಿಯು ತನ್ನ ಮುಕ್ಕಾಲು ಪಾಲು ಸಿಬ್ಬಂದಿಯನ್ನು ಕೈಬಿಟ್ಟಿತು. ಪ್ರಭಾವಕ್ಕೆ ಒಳಗಾದ ರೋಗಿ ಆ ಗಂಟೆಗಳಲ್ಲಿ ತನ್ನ ಹಿತವನ್ನು ತಾನು ಕಾಯಲಾರ. ಕೋಣೆಯಲ್ಲಿ ಇಬ್ಬರಿರಬೇಕು, ಮೇಲೊಬ್ಬರು ನೋಡುತ್ತಿರಬೇಕು ಎಂಬುದು ಆಡಂಬರವಲ್ಲ.

ವ್ಯಾಪಾರವಾಗಿ ಗೆದ್ದದ್ದು ಎಸ್‌ಕೆಟಮಿನ್ ಎಂಬ ಮೂಗಿನ ಸಿಂಪಡಣೆ. ಶುದ್ಧ ಅರ್ಥದಲ್ಲಿ ಇದು ಸೈಕೆಡೆಲಿಕ್ ಅಲ್ಲ, ಅದರ ನೆರೆಯದು. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇದರ ಮಾರಾಟ 2024ರಲ್ಲಿ ನೂರು ಕೋಟಿ ಡಾಲರ್ ದಾಟಿತು. ಕಾರಣ ಸರಳ: ಕಾವಲು ಎರಡು ಗಂಟೆ ಸಾಕು, ವಿಮೆ ದೊರೆಯುತ್ತದೆ, ಮತ್ತು ಚಿಕಿತ್ಸೆ ಮರುಕಳಿಸುತ್ತಿರುತ್ತದೆ. ಹೂಡಿಕೆಯ ಪ್ರಶ್ನೆ ಕೇಳುವವರು ಮೊದಲು ಈ ಮೂರನ್ನು ಪರಿಶೀಲಿಸಲಿ.

ನಮ್ಮಲ್ಲಿನ ಸ್ಥಿತಿ

ಭಾರತದಲ್ಲಿ ಎಲ್‌ಎಸ್‌ಡಿ, ಸೈಲೋಸಿಬಿನ್, ಎಂಡಿಎಂಎ ಮೂರೂ 1985ರ ಮಾದಕ ದ್ರವ್ಯ ಕಾಯ್ದೆಯ ಪಟ್ಟಿಯಲ್ಲಿವೆ. ಎಲ್‌ಎಸ್‌ಡಿಯಲ್ಲಿ ಕೇವಲ 0.1 ಗ್ರಾಂ ‘ವಾಣಿಜ್ಯ ಪ್ರಮಾಣ’. ಅದಕ್ಕೆ ಕನಿಷ್ಠ 10 ವರ್ಷ ಕಠಿಣ ಸಜೆ. ರೆಸಾರ್ಟ್, ಹೋಂಸ್ಟೇ, ತೋಟದ ಮನೆಗಳನ್ನು ಬಾಡಿಗೆಗೆ ಕೊಡುವ ಸದಸ್ಯರು 25ನೇ ಕಲಂ ಅನ್ನು ಓದಿಕೊಳ್ಳಬೇಕು: ತಿಳಿದೂ ತನ್ನ ಸ್ಥಳದಲ್ಲಿ ಅಪರಾಧಕ್ಕೆ ಅವಕಾಶವಿತ್ತ ಮಾಲೀಕನೂ ಶಿಕ್ಷಾರ್ಹ. ‘ಧ್ಯಾನ ಶಿಬಿರ’ ಎಂಬ ಹೆಸರು ರಕ್ಷಣೆ ನೀಡದು.

ಕೆಟಮಿನ್ ಮಾತ್ರ ಆಸ್ಪತ್ರೆಗಳಲ್ಲಿ ಅರಿವಳಿಕೆಯಾಗಿ ಬಹುಕಾಲದಿಂದ ಬಳಕೆಯಲ್ಲಿದೆ. 2011ರಿಂದ ಇದೇ ಕಾಯ್ದೆಯ ನಿಯಂತ್ರಣಕ್ಕೂ ಒಳಪಟ್ಟಿದೆ. ಇತರ ಔಷಧಗಳು ವಿಫಲವಾದಾಗ ಅಲ್ಪ ಪ್ರಮಾಣದಲ್ಲಿ ಇದನ್ನು ನೀಡುವ ಮನೋವೈದ್ಯರಿದ್ದಾರೆ. ಇಲ್ಲಿಯೂ ಔಷಧದ ಬೆಲೆ ಅಲ್ಪ. ಆದುದರಿಂದ ಬಿಲ್ಲಿನ ಉಳಿದ ಸಾಲುಗಳನ್ನು ವಿಚಾರಿಸಬೇಕು: ರಕ್ತದೊತ್ತಡ ನೋಡುವವರಾರು, ಎಷ್ಟು ಹೊತ್ತು ಇರಿಸಿಕೊಳ್ಳುತ್ತಾರೆ, ಮುಂದಿನ ವಾರ ರೋಗಿಯನ್ನು ಕರೆದು ಮಾತನಾಡಿಸುವವರಾರು. ಈ ಸಾಲುಗಳೇ ಇಲ್ಲದ ಅಗ್ಗದ ಬಿಲ್ಲಿನ ಬಗ್ಗೆ ಸಂಶಯವಿರಲಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಂ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಇರುವ ಆಧಾರದ ಮೇಲೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು. ನೌಕರರ ಸಾಮೂಹಿಕ ಪಾಲಿಸಿಯನ್ನು ಈ ಬಾರಿ ನವೀಕರಿಸುವಾಗ, ಕೆಲವೇ ಗಂಟೆಗಳಲ್ಲಿ ಮುಗಿಯುವ ಚಿಕಿತ್ಸೆಗೂ ಹೊರರೋಗಿ ಸಮಾಲೋಚನೆಗೂ ಅದರಲ್ಲಿ ಅವಕಾಶವಿದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯುವುದು ಒಳಿತು. ತುರ್ತಾಗಿ ಯಾರೊಡನಾದರೂ ಮಾತನಾಡಬೇಕಾದವರಿಗೆ ಸರ್ಕಾರದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಉಚಿತವಾಗಿದೆ, ಕನ್ನಡದಲ್ಲಿಯೂ ಉತ್ತರಿಸುತ್ತಾರೆ.