ಅತ್ಯುಚ್ಚ ಆವರ್ತನದ ರೇಡಿಯೋ ಅಲೆಗಳು ಮತ್ತು ವಾಯುಮಂಡಲ

30ರಿಂದ 300 ಮೆಗಾಹರ್ಟ್ಸ್‌ವರೆಗಿನ ರೇಡಿಯೋ ಅಲೆಗಳನ್ನು ಅತ್ಯುಚ್ಚ ಆವರ್ತನದ ಅಲೆಗಳೆಂದು ಕರೆಯಲಾಗುತ್ತದೆ. ಎಫ್.ಎಂ. ಬಾನುಲಿ, ವಿಮಾನ ಹಾಗೂ ನೌಕಾ ಸಂಪರ್ಕಗಳು ಇವನ್ನು ಅವಲಂಬಿಸಿವೆ. ಈ ಅಲೆಗಳು ದೃಷ್ಟಿರೇಖೆಯನ್ನು ಮೀರಲಾರವು ಎಂಬುದು ರೂಢಿಯ ತಿಳಿವಳಿಕೆ. ಅದರ ಮಿತಿಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಮತ್ತು ತೇವಾಂಶಗಳು ಕುಗ್ಗುವುದರಿಂದ ಅದರ ವಕ್ರೀಭವನ ಸೂಚ್ಯಂಕವೂ ಇಳಿಯುತ್ತದೆ. ಪರಿಣಾಮವಾಗಿ ಅಲೆಯು ಭೂಮಿಯ ಕಡೆಗೆ ತುಸು ಬಾಗುತ್ತದೆ. 100 ಮೀಟರ್ ಎತ್ತರದ ಗೋಪುರಕ್ಕೆ ಕಣ್ಣಿನ ದಿಗಂತ ಸುಮಾರು 36 ಕಿಲೋಮೀಟರ್ ಆದರೆ, ರೇಡಿಯೋ ದಿಗಂತ ಸುಮಾರು 41 ಕಿಲೋಮೀಟರ್. ಇದು ಸಾಮಾನ್ಯ ಸ್ಥಿತಿ.

ತಂಪಾದ, ತೇವಭರಿತ ಗಾಳಿಯ ಮೇಲೆ ಬಿಸಿಯಾದ ಒಣ ಗಾಳಿ ಹರಡಿದಾಗ ಸ್ಥಿತಿ ಬದಲಾಗುತ್ತದೆ. ಆಗ ಸೂಚ್ಯಂಕ ಥಟ್ಟನೆ ಕುಸಿದು, ಅಲೆಯ ಬಾಗು ಭೂಮಿಯ ಬಾಗನ್ನೂ ಮೀರುತ್ತದೆ. ಅಲೆಯು ಕಾಲುವೆಯಲ್ಲಿ ಸಿಲುಕಿದ ನೀರಿನಂತೆ ಆ ಪದರದೊಳಗೇ ಸಾಗುತ್ತದೆ. ಅಲೆಯ ಉದ್ದ ಹೆಚ್ಚಿದಷ್ಟೂ ಪದರ ದಪ್ಪವಾಗಿರಬೇಕು. ಮೀಟರ್ ಅಲೆಗಳಿಗೆ ನೂರಾರು ಮೀಟರ್ ದಪ್ಪದ ಪದರ ಬೇಕು.

ಇದಕ್ಕೆ ಅರಬ್ಬೀ ಸಮುದ್ರವೇ ಪ್ರಸಿದ್ಧ ನಿದರ್ಶನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯಲ್ಲಿದ್ದ 200 ಮೆಗಾಹರ್ಟ್ಸ್ ರಾಡಾರ್ ಬೇಸಗೆಯಲ್ಲಿ ಅರೇಬಿಯಾದ ತೀರದಿಂದ ಪ್ರತಿಧ್ವನಿಗಳನ್ನು ಗ್ರಹಿಸಿತು. ಮುಂಗಾರಿನ ಬಿರುಗಾಳಿ ಪದರಗಳನ್ನು ಕಲಕಿಬಿಡುವುದರಿಂದ ಈ ದೂರದರ್ಶನ ಆ ಋತುವಿನಲ್ಲಿ ನಿಲ್ಲುತ್ತದೆ. 1957ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಮತ್ತು ಹವಾಯಿಯ ಹವ್ಯಾಸಿಗಳು 144 ಮೆಗಾಹರ್ಟ್ಸ್‌ನಲ್ಲಿ ಸುಮಾರು 4,000 ಕಿಲೋಮೀಟರ್ ದೂರ ಸಂಭಾಷಿಸಿದ್ದೂ ಇದೇ ಬಗೆಯ ಪದರದಿಂದ.

ಜಾನಪದ ವಿದ್ವಾಂಸರ ಗಮನ ಸೆಳೆಯುವ ಅಂಶವೊಂದಿದೆ. ಮೂಲ ತಿಳಿಯದ ಪ್ರತಿಧ್ವನಿಗಳಿಗೆ ರಾಡಾರ್ ನಿರ್ವಾಹಕರು ‘ಏಂಜಲ್’ ಎಂದು ಹೆಸರಿಟ್ಟರು. ಅವುಗಳಲ್ಲಿ ಅನೇಕವು ಹಕ್ಕಿಗಳಿಂದಲೂ ಕೆಲವು ವಾಯುಪದರಗಳಿಂದಲೂ ಬಂದವೆಂದು ನಂತರ ತಿಳಿಯಿತು. ವಿವರಣೆ ದೊರೆಯುವ ಮೊದಲೇ ಹೆಸರು ಹುಟ್ಟುವ ಈ ಪ್ರಕ್ರಿಯೆ ಯಂತ್ರಯುಗದಲ್ಲಿಯೂ ಮುಂದುವರಿದಿದೆ.

ವಿಷಯ ಕುತೂಹಲಕ್ಕಷ್ಟೇ ಸೀಮಿತವಲ್ಲ. ಕಡಲಿನಲ್ಲಿ ಅಪಾಯದ ಕರೆಗೆ 156.8 ಮೆಗಾಹರ್ಟ್ಸ್ ಮೀಸಲು. ಅನುಕೂಲ ಪದರವಿದ್ದಾಗ ನೂರಾರು ಕಿಲೋಮೀಟರ್ ದೂರದ ಕರೆ ಪಕ್ಕದ ದೋಣಿಯದರಂತೆ ಸ್ಪಷ್ಟವಾಗಿ ಕೇಳಬಹುದು. ದೂರದ ನಿಲಯವೊಂದು ಹತ್ತಿರದ ಕ್ಷೀಣ ಕರೆಯನ್ನು ಮುಚ್ಚಿಹಾಕಲೂಬಹುದು. ಆದ್ದರಿಂದ ದನಿಯ ಸ್ಪಷ್ಟತೆಯನ್ನು ಸಾಮೀಪ್ಯದ ಪುರಾವೆಯೆಂದು ಭಾವಿಸಲಾಗದು. ಕರೆ ನೀಡುವವರು ತಮ್ಮ ಸ್ಥಾನವನ್ನು ತಿಳಿಸುವುದು ಅತ್ಯಗತ್ಯ. ಗಾಳಿ, ತೇವ, ಋತುಗಳನ್ನು ಕುರಿತ ಕಡಲಿಗರ ಅನುಭವವನ್ನು ಈ ಮಾಪನಗಳ ಜೊತೆಗಿಟ್ಟು ದಾಖಲಿಸುವುದು ಫಲಪ್ರದವಾದ ಅಧ್ಯಯನಕ್ಷೇತ್ರವಾಗಬಲ್ಲದು.